ಮಾಡೆಲ್‌ಗಿಂತ ಮೊದಲು ಪ್ರಯೋಗ ನೋಡಿ

ಮಾನ್ಯ ಸಂಪಾದಕರೇ,

ಈಚೆಗೆ ಹಾಸನದ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಫೋಟೋ ತೆಗೆಯಲು ಹೋಗಿದ್ದೆ. ಥರ್ಮೋಕೋಲ್ ಜ್ವಾಲಾಮುಖಿ, ಮಳೆನೀರು ಕೊಯ್ಲು, ಬ್ಯಾಟರಿಯಲ್ಲಿ ತಿರುಗುವ ಸೌರಮಂಡಲ ಎಲ್ಲಾ ಇದ್ದವು. ಅಂಗಡಿಯಿಂದ ತಂದ ಮಾಡೆಲ್‌ಗಳೇ ಜಾಸ್ತಿ. ಮೂಲೆಯಲ್ಲಿ ಒಬ್ಬ ಹುಡುಗಿ ಚಪ್ಪಲಿ ಡಬ್ಬ ಹಿಡಿದು ನಿಂತಿದ್ದಳು. ಒಂದು ಬದಿಗೆ ಸೂಜಿಯಿಂದ ಚುಚ್ಚಿದ ತೂತು, ಎದುರು ಬದಿಗೆ ಎಣ್ಣೆ ಹಚ್ಚಿದ ಕಾಗದ. ಕಿಟಕಿಯ ಕಡೆ ತಿರುಗಿಸಿದರೆ ಹೊರಗಿನ ತೆಂಗಿನ ಮರ ಕಾಗದದ ಮೇಲೆ ತಲೆಕೆಳಗಾಗಿ ಬೀಳುತ್ತಿತ್ತು. ತೀರ್ಪುಗಾರರು "ಇಷ್ಟೇನಾ?" ಎಂದು ಕೇಳಿ ಮುಂದೆ ಹೋದರು. ಆ ಹುಡುಗಿಗೆ ಬಾಯಿ ತೆರೆಯಲೂ ಸಮಯ ಸಿಗಲಿಲ್ಲ. ನನಗೆ ತುಂಬಾ ಬೇಜಾರಾಯಿತು, ಅದಕ್ಕೇ ಈ ಪತ್ರ.

ಆ ಡಬ್ಬದ ಹಿಂದೆ ದೊಡ್ಡ ಕೆಲಸವೊಂದಿದೆ. ಅದನ್ನು ಮಾಡಿದ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಸುಮಾರು 965ರಲ್ಲಿ ಇರಾಕಿನ ಬಸ್ರಾದಲ್ಲಿ ಹುಟ್ಟಿದರು. ಆಮೇಲೆ ಕೈರೋದಲ್ಲಿ ನೆಲೆಸಿ, ಬೆಳಕು ಮತ್ತು ನೋಟದ ಬಗ್ಗೆ 'ಕಿತಾಬ್ ಅಲ್-ಮನಾಝಿರ್' ಎಂಬ ಏಳು ಭಾಗಗಳ ಗ್ರಂಥ ಬರೆದರು. ನಮ್ಮ ಬೇಲೂರಿನ ದೇವಸ್ಥಾನ ಕಟ್ಟುವುದಕ್ಕೆ ಇನ್ನೂ ನೂರು ವರ್ಷ ಇದ್ದ ಕಾಲ ಅದು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ, ಅದರಿಂದ ನಮಗೆ ಕಾಣುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಹಾಗೆ ಹೇಳಿದವರು ಸಾಮಾನ್ಯರಲ್ಲ, ಪ್ರಾಚೀನ ಗ್ರೀಕ್ ವಿದ್ವಾಂಸರಾದ ಯೂಕ್ಲಿಡ್ ಮತ್ತು ಟಾಲೆಮಿ. ಇಬ್ನ್ ಅಲ್-ಹೈಥಮ್ ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಜೋರು ಬೆಳಕನ್ನು ನೋಡಿ ಕತ್ತಲ ಕಡೆ ತಿರುಗಿದರೆ ಅದರ ಆಕಾರ ಸ್ವಲ್ಪ ಹೊತ್ತು ಕಣ್ಣಲ್ಲೇ ಉಳಿಯುತ್ತದೆ. ಅಂದಮೇಲೆ ಬೆಳಕು ಹೊರಗಿನಿಂದ ಒಳಗೆ ಬರುತ್ತಿದೆ ಅಲ್ವಾ?

ಅವರ ದೀಪದ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಕತ್ತಲ ಕೋಣೆಗೆ ಒಂದೇ ತೂತು. ಅದರ ಹೊರಗೆ ಬೇರೆ ಬೇರೆ ಜಾಗದಲ್ಲಿ ದೀಪಗಳು. ಎಷ್ಟು ದೀಪ ಇವೆಯೋ ಒಳಗಿನ ಗೋಡೆಯ ಮೇಲೆ ಅಷ್ಟೇ ಬೆಳಕಿನ ಗುರುತು. ಒಂದು ದೀಪಕ್ಕೆ ಅಡ್ಡ ಹಿಡಿದರೆ ಅದರ ಗುರುತು ಮಾತ್ರ ಹೋಗುತ್ತದೆ, ತೆಗೆದರೆ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಬೆಳಕು ನೇರವಾಗಿ ಸಾಗುತ್ತದೆ, ಎಲ್ಲಾ ದೀಪದ ಬೆಳಕೂ ಒಂದೇ ತೂತಿನಲ್ಲಿ ಹಾದರೂ ಕಲಸಿಹೋಗುವುದಿಲ್ಲ ಎಂದು ಇದರಿಂದ ತೋರಿಸಿದರು. ನಾನು ಫಿಲಂ ಕಾಲದಿಂದ ಸ್ಟುಡಿಯೋ ನಡೆಸುತ್ತಿರುವವನು. ಫಿಲಂ ತೊಳೆಯುತ್ತಿದ್ದ ಡಾರ್ಕ್ ರೂಮಿನಲ್ಲಿ ಈಗ ಫ್ರೇಮು, ಆಲ್ಬಮ್ ತುಂಬಿವೆ. ಪ್ರದರ್ಶನದ ನಂತರ ಅದನ್ನು ಖಾಲಿ ಮಾಡಿ, ಬಾಗಿಲಿಗೆ ತೂತು ಮಾಡಿದ ರಟ್ಟು ಕಟ್ಟಿ, ಬೀದಿಯ ಮಕ್ಕಳನ್ನು ಒಳಗೆ ಕೂರಿಸಿದೆ. ಹೊರಗೆ ಮೇಣದಬತ್ತಿ ಸಾಲಾಗಿ ಹಚ್ಚಿಟ್ಟೆ. ಎಡಗಡೆಯ ಬತ್ತಿಗೆ ಕೈ ಅಡ್ಡ ಹಿಡಿದಾಗ ಗೋಡೆಯ ಬಲಗಡೆಯ ಬೆಳಕು ಹೋಯಿತು. ಒಳಗಿದ್ದ ಮಕ್ಕಳು ಕೂಗಿದ್ದೇ ಕೂಗಿದ್ದು. ಆಮೇಲೆ ಕೈ ಅಡ್ಡ ಹಿಡಿಯುವ ಸರದಿಗೆ ಜಗಳ.

ಇಬ್ನ್ ಅಲ್-ಹೈಥಮ್ ಹೇಳಿದ್ದೆಲ್ಲಾ ಸರಿಯಾಗಿರಲಿಲ್ಲ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಹಿಂಭಾಗದ ಪರದೆಯಾದ ರೆಟಿನಾ ಮೇಲೆ ಬೀಳುತ್ತದೆ ಎಂದು 1604ರಲ್ಲಿ ವಿವರಿಸಿದವರು ಖಗೋಳ ವಿಜ್ಞಾನಿ ಕೆಪ್ಲರ್. ಆದರೆ ಕೆಪ್ಲರ್ ಓದಿ ಬೆಳೆದಿದ್ದು ಇವರ ಗ್ರಂಥದಿಂದ ಬಂದ ವಿದ್ಯೆಯನ್ನೇ. ಅದರ ಲ್ಯಾಟಿನ್ ಅನುವಾದ 1572ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಚ್ಚಾಗಿತ್ತು. ಟಾಲೆಮಿಯ ಮೇಲೆ ಎದ್ದ ಸಂದೇಹಗಳ ಬಗ್ಗೆಯೇ ಇಬ್ನ್ ಅಲ್-ಹೈಥಮ್ ಇನ್ನೊಂದು ಗ್ರಂಥ ಬರೆದಿದ್ದಾರೆ. ಹಿರಿಯರು ಬರೆದದ್ದನ್ನು ಹಾಗೇ ನಂಬಬೇಡಿ, ಪರೀಕ್ಷೆ ಮಾಡಿ, ನಿಮ್ಮ ಮನಸ್ಸನ್ನೂ ಅನುಮಾನಿಸಿ ಎಂಬುದು ಅದರಲ್ಲಿನ ಅವರ ನಿಲುವು. ಇಂಥವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಹೊಂಗೆ ಮರದ ಕೆಳಗೆ ನೆಲದ ತುಂಬಾ ಸಣ್ಣ ಸಣ್ಣ ಅರ್ಧಚಂದ್ರಗಳು ಬಿದ್ದಿದ್ದವು. ಎಲೆಗಳ ಸಂದಿಯೇ ಅಲ್ಲಿ ತೂತು. ತೂತಿನಿಂದ ಬೀಳುವ ಗ್ರಹಣದ ಆಕಾರದ ಬಗ್ಗೆಯೂ ಇಬ್ನ್ ಅಲ್-ಹೈಥಮ್ ಬರೆದಿದ್ದಾರೆ. ಅವತ್ತು ನಮ್ಮ ಬೀದಿಯ ಬಹಳ ಮಕ್ಕಳು ಬಾಗಿಲು ಹಾಕಿದ ಮನೆಯೊಳಗೇ ಇದ್ದರು. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಾರದು, ಅದು ನಿಜ. ನೆಲ ನೋಡುವುದಕ್ಕೆ ಏನು ಅಡ್ಡಿ? ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಶಾಲಾ ಪ್ರವಾಸದಲ್ಲಿ ತೋರಿಸುತ್ತೇವೆ. ಅದಕ್ಕೂ ಇಂಥದೇ ತೂತು ಕಾರಣ ಎಂದು ಹೇಳಿಕೊಡದೆ ಸುಮ್ನೆ ಬಸ್ಸು ಹತ್ತಿಸುತ್ತೇವೆ.

ಜಿಲ್ಲೆಯ ಶಿಕ್ಷಣ ಇಲಾಖೆಯವರಲ್ಲಿ ನನ್ನ ವಿನಂತಿ ಇಷ್ಟು. ಪ್ರದರ್ಶನದ ಅಂಕಪಟ್ಟಿಯಲ್ಲಿ ಮಗು ತಾನೇ ಮಾಡಿ ತೋರಿಸುವ ಪ್ರಯೋಗಕ್ಕೆ ಬೇರೆ ಅಂಕ ಇರಲಿ, ಮಾಡೆಲ್‌ನ ಅಂದಕ್ಕಿಂತ ಜಾಸ್ತಿ ಇರಲಿ. ತೀರ್ಪುಗಾರರು ಪ್ರತಿ ಮಗುವಿನ ಹತ್ತಿರ ನಿಂತು "ಇದು ಹೀಗೇ ಅಂತ ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಲಿ, ಉತ್ತರ ಮುಗಿಯುವವರೆಗೂ ಅಲ್ಲೇ ಇರಲಿ.

ಇಂತಿ,
ಫೋಟೋ ಸ್ಟುಡಿಯೋ ನಡೆಸುವ ಓದುಗ, ಹಾಸನ