ಚಿತ್ರ ಅಳಿಸಿದವರೇ ಈಗ ಕುಂಚ ಹಿಡಿದು ಬಾ ಎನ್ನುತ್ತಾರೆ

ಮಾನ್ಯ ಸಂಪಾದಕರೇ,

ಹಳೇ ಬಸ್ ನಿಲ್ದಾಣದ ಕಾಂಪೌಂಡ್ ಗೋಡೆ ರಾಜ್ಯೋತ್ಸವದ ನಿಮಿತ್ತ ಕಂಗೊಳಿಸುತ್ತಿದೆ ಎಂಬ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಆ ಕಂಗೊಳಿಕೆಗಾಗಿ ಸುಣ್ಣ ಬಳಿದು ಅಳಿಸಿದ್ದು ಊರಿನ ಕಲಾವಿದರು ಏಣಿ ಹತ್ತಿ ಬರೆದಿದ್ದ ಚಿತ್ರಗಳನ್ನು ಎಂಬ ಮಾತು ವರದಿಯಲ್ಲಿ ಇಲ್ಲದ್ದರಿಂದ ಈ ಪತ್ರ ಬರೆಯಬೇಕಾಯಿತು.

ಈಗ ಅಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಚಿತ್ರಗಳ ಫ್ಲೆಕ್ಸ್ ಬಿಗಿದಿದ್ದಾರೆ. ವೀರಗಾಸೆಯವನ ತಲೆಗೆ ಕಥಕ್ಕಳಿಯ ಕಿರೀಟವಿದೆ, ಡೊಳ್ಳಿನವನ ಕೈಯಲ್ಲಿ ಕೋಲಿನ ಬದಲು ಕೊಳಲಿದೆ, ‘ರಾಜ್ಯೋತ್ಸವ’ದ ಒತ್ತಕ್ಷರಗಳು ಕನ್ನಡವೂ ಅಲ್ಲದ ತೆಲುಗೂ ಅಲ್ಲದ ಯಾವುದೋ ಲಿಪಿಯಲ್ಲಿ ನೇತಾಡುತ್ತಿವೆ. ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆಯೆಂದು ಅಂಗಡಿಯವರಿಗೆ ದಂಡ ಹಾಕುವ ನಗರಸಭೆಯ ಸ್ವಂತ ಫ್ಲೆಕ್ಸ್ ಮಾತ್ರ ಆ ನಿಷೇಧಕ್ಕೆ ಒಳಪಡುವುದಿಲ್ಲವೇನೋ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಜನ ನಗತೊಡಗಿದ ಮೇಲೆ ನಗರಸಭೆ ಕಚೇರಿಯಿಂದ, ಆ ಗೋಡೆಗೆ ಚಿತ್ರ ಬರೆದವರಲ್ಲಿ ಒಬ್ಬನಾದ ನನಗೇ ಕರೆ ಬಂತು: ‘ಆ ಅಕ್ಷರ ಸ್ವಲ್ಪ ತಿದ್ದಿಕೊಡಿ, ನಿಮಗೇನು, ಐದು ನಿಮಿಷದ ಕೆಲಸ.’ ಬಾಡಿಗೆ ಏಣಿಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಹೋದರೆ ಕರೆದವರು ಸಭೆಯಲ್ಲಿದ್ದರು. ಕಾವಲುಗಾರ ‘ಆದೇಶದ ಪ್ರತಿ ಎಲ್ಲಿ’ ಎಂದು ತಡೆದ. ಫ್ಲೆಕ್ಸಿನ ಮೇಲೆ ಎನಾಮಲ್ ಬಣ್ಣ ಕೂರುವುದಿಲ್ಲ, ಬಿಸಿಲಿಗೆ ಹಪ್ಪಳದಂತೆ ಎದ್ದು ಬರುತ್ತದೆ ಎಂದು ಫೋನಿನಲ್ಲಿ ತಿಳಿಸಿದ್ದಕ್ಕೆ ‘ಹಾಗಾದರೆ ಕಂಪ್ಯೂಟರಿನಲ್ಲೇ ಮಾಡಿಸುತ್ತೇವೆ ಬಿಡಿ’ ಎಂಬ ಉತ್ತರ ಸಿಕ್ಕಿತು. ಏಣಿಯ ಬಾಡಿಗೆಯನ್ನೂ ಕಂಪ್ಯೂಟರೇ ಕೊಡುವುದೇ? ಅದೇ ಗೋಡೆಗೆ ಹಿಂದೆ ನಾವು ಬರೆದ ಚಿತ್ರಗಳ ಬಿಲ್ಲು ಲೆಕ್ಕಪತ್ರ ಶಾಖೆಯಲ್ಲಿ ಇನ್ನೂ ಕೊಳೆಯುತ್ತಿದ್ದು, ‘ಸ್ಥಳ ಪರಿಶೀಲನೆಯಲ್ಲಿ ಕಾಮಗಾರಿ ಕಂಡುಬಂದಿಲ್ಲ’ ಎಂಬ ಷರಾ ಬೀಳುವುದೊಂದೇ ಬಾಕಿ.

ಇದು ಇಂದು ನಿನ್ನೆಯ ಕಥೆಯಲ್ಲ. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವೆಂಬ 2024ರ ತಿದ್ದುಪಡಿ ಬಂದಾಗ ನಮಗೂ ನಾಲ್ಕು ಬೋರ್ಡು ಸಿಕ್ಕೀತೆಂದು ಆಸೆಪಟ್ಟಿದ್ದೆವು. ಅದೂ ಪ್ರಿಂಟಿಂಗ್ ಅಂಗಡಿಗಳ ಪಾಲಾಯಿತು. ಕಟ್ಟಡ ಕಾರ್ಮಿಕರ ಮಂಡಳಿಗೆ ನೋಂದಾಯಿಸಿಕೊಳ್ಳಲು ಹೋದರೆ 90 ದಿನ ದುಡಿದ ಪ್ರಮಾಣಪತ್ರ ಕೇಳಿ, ಗೋಡೆಗೆ ಬಣ್ಣ ಹೊಡೆದಿದ್ದರೆ ಸರಿ, ಚಿತ್ರ ಬರೆದಿದ್ದರೆ ನೀವು ಕಲಾವಿದರು ಎನ್ನುತ್ತಾರೆ. ಕಲಾವಿದರ ಮಾಸಾಶನದ ಅರ್ಜಿ ಹಿಡಿದು ಇನ್ನೊಂದು ಕಚೇರಿಗೆ ಹೋದರೆ ಬೋರ್ಡ್ ಬರೆಯುವುದು ಕೂಲಿ ಕೆಲಸ ಎನ್ನುತ್ತಾರೆ. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರಿಗೆ 2024ರಲ್ಲಿ, ಆ್ಯಪ್‌ಗಳ ಮೂಲಕ ದುಡಿಯುವವರಿಗೆ 2025ರಲ್ಲಿ ಕಾಯ್ದೆ ಬಂದದ್ದು ಸಂತೋಷವೇ. ನಾವು ಯಾವುದರಲ್ಲಿ ಬರುತ್ತೇವೆಂದು ಕೇಳಿದರೆ ಗುಮಾಸ್ತರು ಗಡಿಯಾರ ನೋಡುತ್ತಾರೆ.

ಆ ಫ್ಲೆಕ್ಸನ್ನು ಕೂಡಲೇ ಇಳಿಸಬೇಕು, ಅಕ್ಷರ ಬಲ್ಲವರಿಂದ ಗೋಡೆಯ ಮೇಲೆಯೇ ಬರೆಸಿ ಕೂಲಿ ಕೊಡಬೇಕು. ಹಳೆಯ ಬಿಲ್ಲನ್ನಂತೂ ಪಾವತಿಸಲೇಬೇಕು. ಇದಾವುದೂ ಆಗದಿದ್ದರೆ ಪೌರಾಯುಕ್ತರ ಕುರ್ಚಿಯಲ್ಲಿಯೂ ಆ ಕೃತಕ ಬುದ್ಧಿಮತ್ತೆಯನ್ನೇ ಕೂರಿಸಲಿ, ಕರೆದಾಗ ಸಭೆಯಲ್ಲಿದೆ ಎಂದಾದರೂ ಹೇಳಲಾರದು.

– ಒಬ್ಬ ಬೋರ್ಡ್ ಬರಹಗಾರ, ಹಳೇ ಬಸ್ ನಿಲ್ದಾಣ ರಸ್ತೆ