ಯಾರೂ ನೋಡದಿದ್ದರೂ ಬೇಕಾ?

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. ಮುಚ್ಚುಮರೆ ಇಲ್ಲದೆ ಬರೆದಿದ್ದೀಯ. ಅದಕ್ಕೇ ನಾನೂ ಸುತ್ತಿ ಬಳಸದೆ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಜೊತೆಗೆ ಓದಿದವರೆಲ್ಲ ದೊಡ್ಡ ಕಾರು ತಗೊಂಡಿದ್ದಾರೆ, ಅವುಗಳ ಪಕ್ಕದಲ್ಲಿ ನನ್ನ ಹಳೇ ಕಾರು ನಿಲ್ಲಿಸುವುದಕ್ಕೆ ನಾಚಿಕೆ ಆಗುತ್ತದೆ, ಸಾಲ ಮಾಡಿಯಾದರೂ ಬದಲಾಯಿಸಬೇಕು ಅಂತ ಬರೆದಿದ್ದೀಯ. ಕೊನೆಯಲ್ಲಿ ಒಂದೇ ಒಂದು ಸಾಲಿನಲ್ಲಿ, ಚಿತ್ರ ಬಿಡಿಸುವುದನ್ನು ಬಿಟ್ಟೆ ಅಂತಲೂ ಹೇಳಿದ್ದೀಯ. ಫೋನಿನಲ್ಲಿ ಹಾಕಿದರೆ ಯಾರೂ ಲೈಕ್ ಮಾಡುವುದಿಲ್ಲ, ಇನ್ನೇಕೆ ಅಂತ. ನಿನಗೆ ಇವು ಎರಡು ಬೇರೆ ವಿಷಯ ಅನ್ನಿಸಿರಬಹುದು. ನನಗೆ ಒಂದೇ ಅನ್ನಿಸಿತು. ಕಾರು ಬೇಕಾಗಿರುವುದೂ ನೋಡುವವರಿಗಾಗಿ, ಚಿತ್ರ ಬಿಟ್ಟಿದ್ದೂ ನೋಡುವವರಿಗಾಗಿ. ನಿಜ ಹೇಳಬೇಕೆಂದರೆ ಕಾರಿಗಿಂತ ಆ ಚಿತ್ರದ ಸಾಲೇ ನನ್ನನ್ನು ಜಾಸ್ತಿ ಕಾಡಿತು.

ಮೊದಲು ಕಾರಿನ ವಿಷಯ ಮುಗಿಸಿಬಿಡೋಣ. ನಿನ್ನ ಹಳೇ ಕಾರು ಕೆಟ್ಟು ದಾರಿಯಲ್ಲಿ ನಿಲ್ಲುತ್ತಿದೆಯಾ? ಇಲ್ಲ ಅಲ್ವಾ? ಹಾಗಾದರೆ ನೀನು ಸಾಲ ಮಾಡಲು ಹೊರಟಿರುವುದು ಓಡಾಟಕ್ಕಲ್ಲ. ಗೆಳೆಯರು ನಿನ್ನ ಕಡೆ ನೋಡುವ ಆ ಒಂದೆರಡು ನಿಮಿಷಕ್ಕೆ. ಆ ನಿಮಿಷಗಳಿಗೆ ನೀನು ಕೊಡಬೇಕಾದ್ದು ವರ್ಷಗಟ್ಟಲೆ ಕಂತು. ಸಾಲ ಅಂದರೆ ಇನ್ನೂ ದುಡಿಯದ ದುಡ್ಡನ್ನು ಇವತ್ತೇ ಖರ್ಚು ಮಾಡುವುದು. ಕಂತು ತೀರುವ ತನಕ ಇಷ್ಟವಿಲ್ಲದ ಕೆಲಸವನ್ನೂ ಬಿಡುವ ಹಾಗಿಲ್ಲ, ಮೇಲಿನವರು ಏನಂದರೂ ಬಾಯಿ ಬಿಡುವ ಹಾಗಿಲ್ಲ. ಕಾರಿನ ಬೆಲೆ ಮಾತ್ರ ಶೋರೂಮಿನಿಂದ ಹೊರಬಂದ ದಿನದಿಂದಲೇ ಇಳಿಯುತ್ತಾ ಹೋಗುತ್ತದೆ.

ಆಮೇಲೆ, ಅವರು ನಿಜವಾಗಿ ನೋಡುತ್ತಾರಾ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಅವರ ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ, ಹಾಕಿಕೊಂಡು ಹೊರಗೆ ಬರಲು ಮುಜುಗರ ಆಗುವಂಥ ಒಂದು ಟೀ ಶರ್ಟ್ ತೊಡಿಸಿದರು. ಬೇರೆ ಹುಡುಗರು ಕೂತಿದ್ದ ಕೋಣೆಗೆ ಕಳಿಸಿದರು. ಆಮೇಲೆ ಕೇಳಿದರು, ನಿನ್ನ ಶರ್ಟಿನ ಮೇಲಿನ ಚಿತ್ರವನ್ನು ಎಷ್ಟು ಜನ ಗುರುತಿಸಿರಬಹುದು ಅಂತ. ಸುಮಾರು ಅರ್ಧದಷ್ಟು ಜನ ಅಂತ ಅವರ ಅಂದಾಜು. ನಿಜಕ್ಕೂ ಗುರುತಿಸಿದವರು ಕಾಲು ಭಾಗಕ್ಕಿಂತ ಕಡಿಮೆ. ಮಿಕ್ಕವರು ತಮ್ಮ ಪಾಡಿಗೆ ತಾವಿದ್ದರು. ನಿನ್ನ ಗೆಳೆಯರೂ ಅಷ್ಟೇ ಪುಟ್ಟಿ. ನೀನು ಕಾರು ನಿಲ್ಲಿಸುವಾಗ ಅವರಲ್ಲಿ ಹೆಚ್ಚಿನವರು ತಮ್ಮ ಹೊಟ್ಟೆಯ ಬೊಜ್ಜು, ತಮ್ಮ ಕೂದಲು, ತಮ್ಮ ಕಂತಿನ ಯೋಚನೆಯಲ್ಲಿ ಇರುತ್ತಾರೆ.

ಕಾರಿನದೇ ಇನ್ನೊಂದು ಸಂಗತಿ ಇದೆ. ಇದನ್ನು ಓದಿದಾಗಿನಿಂದ ಯಾರಿಗಾದರೂ ಹೇಳಬೇಕು ಅಂತ ಕಾಯುತ್ತಿದ್ದೆ. ನೆದರ್ಲೆಂಡ್ಸ್‌ನಲ್ಲಿ ಪಿನ್‌ಕೋಡಿನ ಮೇಲೆ ನಡೆಯುವ ಒಂದು ಲಾಟರಿ ಇದೆ. ಅಧ್ಯಯನ ನಡೆದ ಕಾಲದಲ್ಲಿ ವಾರಕ್ಕೊಂದು ಕೋಡ್ ಎತ್ತುತ್ತಿದ್ದರು. ಆ ಬೀದಿಯಲ್ಲಿ ಟಿಕೆಟ್ ಕೊಂಡವರಿಗೆ ದುಡ್ಡು, ಜೊತೆಗೆ ಹೊಸ ಬಿಎಂಡಬ್ಲ್ಯೂ ಕಾರಿನ ಬಹುಮಾನ ಸಿಗುತ್ತಿತ್ತು. ಟಿಕೆಟ್ ಕೊಳ್ಳದವರಿಗೆ ಏನೂ ಇರಲಿಲ್ಲ. ಅರ್ಥಶಾಸ್ತ್ರಜ್ಞರು ಈ ಬೀದಿಗಳನ್ನು ಅಧ್ಯಯನ ಮಾಡಿ 2011ರಲ್ಲಿ ಬರೆದರು. ಕಾರು ಗೆದ್ದವರಲ್ಲಿ ಬಹುಪಾಲು ಜನ ಅದನ್ನು ಇಟ್ಟುಕೊಳ್ಳದೆ ದುಡ್ಡು ಮಾಡಿಕೊಂಡಿದ್ದರು. ಆದರೆ ಲಾಟರಿ ಗೆದ್ದವರ ಪಕ್ಕದ ಮನೆಯವರು ಇದ್ದಾರಲ್ಲ, ಟಿಕೆಟ್ಟೇ ಕೊಳ್ಳದವರು, ಒಂದು ಕಾಸೂ ಗೆಲ್ಲದವರು, ಅವರು ಕಾರಿಗೆ ಖರ್ಚು ಮಾಡುವುದು ಜಾಸ್ತಿಯಾಗಿತ್ತು! ಅವರ ಸಂಬಳ ಏರಿರಲಿಲ್ಲ. ಪಕ್ಕದ ಮನೆಗೆ ಏನೋ ಬಂತು, ಅಷ್ಟೇ. ಯಾರೂ ಅವರಿಗೆ ಕಾರು ತಗೋ ಅಂತ ಹೇಳಿರಲಿಲ್ಲ. ನಿನ್ನನ್ನೂ ಯಾರೂ ಕೇಳಿಲ್ಲ, ಯೋಚನೆ ಮಾಡಿ ನೋಡು.

ಈಗ ಚಿತ್ರದ ವಿಷಯ.

ಚಿಕ್ಕವಳಿದ್ದಾಗ ನೀನು ಪೆನ್ಸಿಲ್ ಹಿಡಿದು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಯಾರಿಗೂ ತೋರಿಸುತ್ತಲೂ ಇರಲಿಲ್ಲ. ಅರ್ಧ ಚಿತ್ರಗಳು ಪುಸ್ತಕದ ಹಿಂದಿನ ಹಾಳೆಯಲ್ಲೇ ಉಳಿದುಬಿಡುತ್ತಿದ್ದವು. ಆ ಹುಡುಗಿ ಯಾವತ್ತೂ ಲೆಕ್ಕ ಇಟ್ಟವಳಲ್ಲ. ಲೆಕ್ಕ ಶುರುವಾದಾಗ ಏನಾಗುತ್ತದೆ ಅಂತ ತೋರಿಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿದರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಮುಂಚೆ ಏನೂ ಹೇಳದೆ, ಬರೆದು ಮುಗಿಸಿದ ಮೇಲೆ ಅದೇ ಪ್ರಶಸ್ತಿ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಮಕ್ಕಳು ಸುಮ್ನೆ ಆಡಿಕೊಳ್ಳುವ ಹೊತ್ತಿನಲ್ಲಿ ಗಮನಿಸಿದರು. ಪ್ರಶಸ್ತಿಗಾಗಿ ಬರೆದ ಮಕ್ಕಳು, ಬೇರೆಯವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಮುಂದೆ ಕೂತರು.

ಎರಡನೆಯ ಗುಂಪನ್ನು ಮರೆಯಬೇಡ ಪುಟ್ಟಿ. ಅವರಿಗೂ ಅದೇ ನಕ್ಷತ್ರ ಸಿಕ್ಕಿತ್ತು, ಆದರೆ ಅವರ ಆಸೆ ಕುಗ್ಗಲಿಲ್ಲ. ಅಂದರೆ ಹೊಗಳಿಕೆ ಕೆಟ್ಟದ್ದೇನಲ್ಲ. ಯಾರಾದರೂ ಚೆನ್ನಾಗಿದೆ ಅಂದರೆ ಖುಷಿಪಡು, ಮನಸಾರೆ ತಗೋ. ಹೊಗಳಿಕೆಗೆ ಕಾದು ಕೂತು ಕೆಲಸ ಮಾಡಿದರೆ ಮಾತ್ರ ಕೆಲಸದ ರುಚಿ ಹೋಗಿಬಿಡುತ್ತದೆ. ನಿನಗೆ ಆಗಿರುವುದು ಇದೇ ಅಂತ ನನ್ನ ಅನಿಸಿಕೆ. ನಿನ್ನ ಕೈ ಕೆಟ್ಟಿಲ್ಲ. ಬರೆಯುವಾಗಲೇ ಲೈಕ್ ಎಣಿಸುವ ಅಭ್ಯಾಸ ಆಗಿದೆ.

ಒಂದು ಕೆಲಸ ಮಾಡು. ಒಂದು ಪುಸ್ತಕ ತಗೊಂಡು ಅದರಲ್ಲಿ ಬರೆಯುವುದನ್ನು ಯಾರಿಗೂ ತೋರಿಸಬೇಡ. ನನಗೂ ಬೇಡ. ಫೋಟೋ ತೆಗೆಯಬೇಡ. ಮೊದಮೊದಲು ಇದೆಲ್ಲ ದಂಡ ಅನ್ನಿಸುತ್ತದೆ. ಅನ್ನಿಸಲಿ, ಆದರೂ ಬರೆ. ಹೊರಗಿನವರ ಮೆಚ್ಚುಗೆ ಇಲ್ಲದೆಯೂ ನನಗೆ ಇದು ಬೇಕಾ ಅನ್ನುವುದು ಯೋಚಿಸಿ ಗೊತ್ತಾಗುವುದಿಲ್ಲ, ಮಾಡುತ್ತಾ ಗೊತ್ತಾಗುತ್ತದೆ. ಕೊಳ್ಳುವ ವಸ್ತುವಿಗೂ ಇದೇ ಪ್ರಶ್ನೆ ಕೇಳಿಕೋ. ಇದು ನನ್ನ ಹತ್ತಿರ ಇದೆ ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ ಅಂದರೆ, ಆಗಲೂ ಬೇಕಾ? ಹೌದು ಅಂದರೆ ಧಾರಾಳವಾಗಿ ತಗೋ. ಒಳ್ಳೆಯ ಬಣ್ಣ, ಬೆನ್ನು ನೋಯಿಸದ ಕುರ್ಚಿ, ಕಾಲಿಗೆ ಹಿತವಾದ ಚಪ್ಪಲಿ, ಇವಕ್ಕೆಲ್ಲ ಜಿಪುಣತನ ಮಾಡಬೇಡ.

ಸರಳವಾಗಿ ಬದುಕು ಅಂದರೆ ಕಷ್ಟಪಟ್ಟುಕೊಂಡು ಬದುಕು ಅಂತ ಅಲ್ಲ. ದುಡ್ಡು ಮುಖ್ಯವೇ. ಬಾಡಿಗೆ, ಔಷಧಿ, ನಾಳೆ ಕೆಲಸ ಹೋದರೆ ಕೆಲವು ತಿಂಗಳು ದೂಡುವಷ್ಟು ಉಳಿತಾಯ, ಇವು ಇಲ್ಲದವರಿಗೆ ತೃಪ್ತಿಯ ಪಾಠ ಹೇಳುವುದು ತಪ್ಪು, ನಾನು ಹೇಳುವುದೂ ಇಲ್ಲ. ಆಫೀಸಿನಲ್ಲಿ ನಿನಗೆ ಬರಬೇಕಾದ ಬಡ್ತಿ ಬಂದಿಲ್ಲ ಅಂತ ಬರೆದಿದ್ದೀಯಲ್ಲ, ಅದನ್ನು ಕೇಳಿ ತಗೋ. ದುಡಿದದ್ದಕ್ಕೆ ಸಿಗಬೇಕಾದ್ದು ನಿನ್ನ ಹಕ್ಕು. ಅದನ್ನು ಮೆಚ್ಚುಗೆಯ ಹಸಿವಿನ ಜೊತೆ ಸೇರಿಸಿಕೊಂಡು ಸುಮ್ಮನಾಗಬೇಡ.

ಸರಳತೆಯನ್ನೂ ತೋರಿಕೆಗೆ ಇಟ್ಟುಕೊಳ್ಳುವವರಿದ್ದಾರೆ. ಖಾಲಿ ಕೋಣೆಯ ಫೋಟೋ ಹಾಕಿ ಎಷ್ಟು ಜನ ನೋಡಿದರು ಅಂತ ಕಾಯುವುದು. ಅದು ಬೇಡ. ದೊಡ್ಡ ಕಾರಿನವರನ್ನು ಹಗುರವಾಗಿ ಕಾಣುವುದೂ ಬೇಡ. ಅವರಲ್ಲಿ ಕೆಲವರಿಗೆ ಕಾರು ಓಡಿಸುವುದೆಂದರೆ ನಿಜವಾಗಿ ಪ್ರಾಣ. ಅವರ ಖುಷಿ ಅವರಿಗೆ.

ಇದನ್ನೆಲ್ಲ ಒಬ್ಬಳೇ ಮಾಡುವುದು ಕಷ್ಟ ಅಂತ ನನಗೆ ಗೊತ್ತು. ಗ್ರೀಸಿನ ತತ್ವಜ್ಞಾನಿ ಎಪಿಕ್ಯೂರಸ್ ಕ್ರಿ.ಪೂ. 341ರಲ್ಲಿ ಹುಟ್ಟಿದವನು. ಅವನ ಊಟ ಹೆಚ್ಚಾಗಿ ಬ್ರೆಡ್ಡು, ನೀರು. ಒಂದು ಮಡಕೆ ಚೀಸ್ ಕಳಿಸು, ಬೇಕೆನಿಸಿದಾಗ ಔತಣ ಮಾಡುತ್ತೇನೆ ಅಂತ ಗೆಳೆಯನಿಗೆ ಕಾಗದ ಬರೆದಿದ್ದನಂತೆ. ನನಗೆ ಅವನಲ್ಲಿ ಹಿಡಿಸಿದ್ದು ಆ ಊಟವಲ್ಲ. ಅವನು ಕಾಡಿಗೆ ಹೋಗಿ ಒಬ್ಬನೇ ಕೂರಲಿಲ್ಲ. ಅಥೆನ್ಸ್‌ನ ಹತ್ತಿರ ಒಂದು ತೋಟ ಕೊಂಡು ಗೆಳೆಯರನ್ನು ಸೇರಿಸಿಕೊಂಡ. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿತ್ತು. ಕಡಿಮೆಯಲ್ಲಿ ಬದುಕಲು ಅವನಿಗೆ ಆದದ್ದು, ಯಾರ ಮುಂದೆ ತನ್ನನ್ನು ಸಾಬೀತು ಮಾಡಬೇಕಾಗಿಲ್ಲವೋ ಅಂಥ ಜನ ಸುತ್ತ ಇದ್ದದ್ದರಿಂದ ಅಂತ ನಾನು ನಂಬುತ್ತೇನೆ. ನಿನಗೂ ಅಂಥ ಒಬ್ಬರೋ ಇಬ್ಬರೋ ಇದ್ದಾರೆ. ಹಳೇ ಬಟ್ಟೆಯಲ್ಲಿ, ತಲೆ ಬಾಚದೆ ಹೋದರೂ ಬಾ ಅನ್ನುವವರು. ಅವರಿಗೆ ಜಾಸ್ತಿ ಹೊತ್ತು ಕೊಡು. ಪ್ರತಿ ಸಲವೂ ಮನಸ್ಸು ಮುದುಡಿಸಿ ಕಳಿಸುವ ಕೂಟಕ್ಕೆ ಹೋಗಲೇಬೇಕು ಅಂತೇನೂ ಇಲ್ಲ.

ಇನ್ನು ನಿನ್ನ ಅಪ್ಪ. ಅಕ್ಕಪಕ್ಕದ ಮಕ್ಕಳ ಜೊತೆ ನಿನ್ನನ್ನು ಹೋಲಿಸಿ ಮಾತಾಡುವುದು ನಿನಗೆ ನೋವಾಗಿದೆ. ಅದು ತಪ್ಪೇ. ನಾನು ಅವನ ಹತ್ತಿರ ಮಾತಾಡುತ್ತೇನೆ, ಅತ್ತಿಗೆ ಹೇಳಿದರೆ ನಿನ್ನಪ್ಪ ಕೇಳುತ್ತಾನೆ. ಆದರೆ ನೀನೂ ಒಂದು ಸಲ ಕೂತು ಹೇಳು. ನನಗೆ ಈ ಮಾತು ನೋಯುತ್ತದೆ ಅಪ್ಪ ಅಂತ ಅಷ್ಟೇ ಹೇಳು, ವಾದ ಬೇಡ. ನೀನು ಮಾತಾಡಿದ ಮೇಲೆ ನನಗೆ ಫೋನ್ ಮಾಡು, ಆಮೇಲೆ ನಾನು ಮಾಡುತ್ತೇನೆ.

ನಿನ್ನ ದೊಡ್ಡಮ್ಮ