ಭಾನುವಾರದ ಚರ್ಚೆಗೆ: ರಾಬರ್ಟ್ ಮಂಡೆಲ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ ಬಗ್ಗೆ ಮಾತಾಡೋಣ. 1932ರಲ್ಲಿ ಕೆನಡಾದಲ್ಲಿ ಹುಟ್ಟಿದವರು. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ಷಿಕಾಗೊ ವಿಶ್ವವಿದ್ಯಾಲಯ, ಆಮೇಲೆ ದೀರ್ಘಕಾಲ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ. 1999ರಲ್ಲಿ ನೊಬೆಲ್.

ಬರುವಾಗ ಮಂಡೆಲ್ ಅವರ ಒಂದು ಲೆಕ್ಕ ತಲೆಯಲ್ಲಿಟ್ಟುಕೊಂಡು ಬನ್ನಿ. ಬಂಡವಾಳ ಸಲೀಸಾಗಿ ಗಡಿ ದಾಟುವ ದೇಶವೊಂದು ಡಾಲರ್ ಎದುರು ತನ್ನ ವಿನಿಮಯ ದರವನ್ನು ಇಷ್ಟೇ ಎಂದು ಕಟ್ಟಿಹಾಕಿದೆ ಅಂದುಕೊಳ್ಳಿ. ಕೇಂದ್ರ ಬ್ಯಾಂಕ್ ಬಡ್ಡಿ ಇಳಿಸಿದರೆ, ಹೆಚ್ಚು ಬಡ್ಡಿ ಸಿಗುವ ಕಡೆಗೆ ಹಣ ಹೊರಡುತ್ತದೆ. ದರ ಕುಸಿಯದಂತೆ ತಡೆಯಲು ಬ್ಯಾಂಕು ತನ್ನ ಡಾಲರ್ ಮಾರಿ ಸ್ವಂತ ನೋಟುಗಳನ್ನೇ ವಾಪಸ್ ಕೊಳ್ಳಬೇಕು. ಅಲ್ಲಿಗೆ ಚಲಾವಣೆಯಲ್ಲಿರುವ ಹಣ ಬಿಗಿಯಾಗಿ ಬಡ್ಡಿ ಮತ್ತೆ ಮೇಲೆ! ಇಡೀ ಕಸರತ್ತು ನೀರಿನಲ್ಲಿ ಹೋಮ ಮಾಡಿದಂತೆ. 1950ರಿಂದ 1962ರವರೆಗೆ ಕೆನಡಾ ಇದಕ್ಕೆ ಉಲ್ಟಾ, ತನ್ನ ಡಾಲರನ್ನು ತೇಲಲು ಬಿಟ್ಟಿತ್ತು, ಅಂದರೆ ದರ ಕಟ್ಟಿಹಾಕದೆ ಮಾರುಕಟ್ಟೆಗೇ ಬಿಟ್ಟಿತ್ತು, ಹಾಗಾಗಿ ಮಂಡೆಲ್ ಅವರಿಗೆ ಇದು ಹುಟ್ಟೂರಿನ ಪ್ರಶ್ನೆಯೂ ಹೌದು.

ಒಂದೇ ನಾಣ್ಯ ಎಷ್ಟು ದೊಡ್ಡ ಪ್ರದೇಶಕ್ಕೆ ಒಪ್ಪುತ್ತದೆ ಎಂದು 1961ರಲ್ಲಿ ಕೇಳಿದರು. ಕಾರ್ಮಿಕರು ಕೆಲಸ ಅರಸಿ ಸುಲಭವಾಗಿ ಓಡಾಡುವಷ್ಟು ದೂರ, ಎಂಬುದು ಅವರ ಉತ್ತರದ ತಿರುಳು. ಮುಂದೆ ಅವರೇ, ಯುರೋಪಿನ ಹಲವು ದೇಶಗಳಿಗೆ ಒಂದೇ ನಾಣ್ಯವಾದ ಯೂರೋ ಪರ ಗಟ್ಟಿಯಾಗಿ ನಿಂತರು. ನನಗಂತೂ ಇದೇ ಎಲ್ಲಕ್ಕಿಂತ ಕುತೂಹಲದ ಭಾಗ. ಇದರ ಮೇಲೆ 10 ನಿಮಿಷ ಮಾತಾಡಲು ಸಿದ್ಧವಿರುವವರು ದಯವಿಟ್ಟು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.